ಹಳೆಯ ಬೇಟೆಯ ಕೋವಿ: ನಳಿಗೆಯ ಅಳತೆಯೂ ಕಣ್ಣಿನ ಗುರಿಯೂ

ಕೋಲಾರದ ಸೀಮೆಯವರಿಗೆ ನಂದಿದುರ್ಗವೆಂಬ ಹೆಸರನ್ನು ಕೇಳಿದೊಡನೆ ಎರಡು ಸ್ಥಳಗಳು ನೆನಪಿಗೆ ಬರುವುವು. ಮೊದಲನೆಯದು, ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು ೨೦೦೭ರಿಂದ ಈಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಪ್ರಸಿದ್ಧವಾದ ಗಿರಿದುರ್ಗ. ಎರಡನೆಯದು, ಬಂಗಾರಪೇಟೆಯಿಂದ ಮಾರಿಕುಪ್ಪದ ಕಡೆಗೆ ಕವಲೊಡೆಯುವ ರೈಲುಹಾದಿಯ ಮಗ್ಗುಲಲ್ಲಿ, ಉರಿಗಾಮಿನ ಬಳಿ, ಅದೇ ಹೆಸರನ್ನು ಹೊತ್ತು ಬಾಳಿದ ಚಿನ್ನದ ಗಣಿ. ಒಂದರಲ್ಲಿ ಮನುಷ್ಯನು ಮೋಡದ ಕಡೆಗೆ ಏರಿದನು. ಇನ್ನೊಂದರಲ್ಲಿ ಪಾತಾಳದ ಕಡೆಗೆ ಇಳಿದನು. ಎರಡು ಕಡೆಗಳಲ್ಲಿಯೂ ಅವನ ಸಂಗಡ ಕೋವಿಯು ಇದ್ದಿತು. ಕೋಟೆಯಲ್ಲಿ ಅದು ಕಾವಲಿಗೆ. ಗಣಿಯ ಊರಿನಲ್ಲಿ ಕವಾಯತಿಗೆ ಮತ್ತು ಬೇಟೆಗೆ.

ಆದರೆ ಈ ಎರಡು ಕೋವಿಗಳೂ ಒಂದೇ ಅಳತೆಯವಾಗಿರಲು ಸಾಧ್ಯವಿರಲಿಲ್ಲ. ದಕ್ಷಿಣ ದೇಶದ ಕೋಟೆಗಳಲ್ಲಿ ಗೋಡೆಯ ಮೇಲೆ ಆಸರೆಕೊಟ್ಟು ಹಾರಿಸುತ್ತಿದ್ದ ಬಂದೂಕುಗಳ ನಳಿಗೆಯು ಬಹಳ ಉದ್ದವಾದುದು. ಅದನ್ನು ಹೊತ್ತು ತಿರುಗುವ ಕಷ್ಟವು ಕಾವಲಿನವನಿಗೆ ಇರಲಿಲ್ಲ. ಶತ್ರುವು ತಾನಾಗಿಯೇ ಕೆಳಗಿನ ಬಯಲಿಗೆ ಬರಬೇಕಾಗಿದ್ದಿತು. ೧೭೯೧ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯವು ಟಿಪ್ಪು ಸುಲ್ತಾನನ ದಳದಿಂದ ನಂದಿದುರ್ಗವನ್ನು ಗೆದ್ದುಕೊಂಡಾಗ ಅಂತಹ ಬಂದೂಕುಗಳ ಕಾಲವೇ ನಡೆದಿದ್ದಿತು. ಬಂಗಾರಪೇಟೆಯ ದಕ್ಷಿಣಕ್ಕೆ, ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆ, ಅದರಾಚೆಯ ಕಾಮಸಮುದ್ರ ಮುಂತಾದ ಕಡೆಗಳಲ್ಲಿ ಇರುವ ಕಾಡಾದರೋ ಮುಳ್ಳುಪೊದೆ, ಹೆಬ್ಬಂಡೆ, ಕುರುಚಲು ಮರಗಳ ಕಾಡು. ಅಲ್ಲಿ ಬೇಟೆಗಾರನು ಬಗ್ಗಿ ನುಸುಳಬೇಕು, ಬಂಡೆಯ ಸಂದಿನಲ್ಲಿ ಹೊರಳಬೇಕು, ಕಣ್ಣೆದುರಿಗೆ ಕ್ಷಣಕಾಲ ತೋರಿ ಮರೆಯಾಗುವ ಮೃಗದ ಮೇಲೆ ಗುರಿಯಿಡಬೇಕು. ಉದ್ದ ನಳಿಗೆಯು ಇಂತಹ ಕಡೆ ಕೊಂಬೆಗೆ ತಗಲುವುದು, ಮುಳ್ಳಿಗೆ ಸಿಕ್ಕುವುದು, ತಿರುಗಿಸುವ ವೇಳೆಗೆ ಮೃಗವೇ ಇಲ್ಲದಂತಾಗುವುದು.

ಆದುದರಿಂದ, ಹಳೆಯ ಕೋವಿಯ ನಳಿಗೆಯನ್ನು ಗಿಡ್ಡಮಾಡಿಸಿ ಹೊಸ ಗುರಿಸಾಧನವನ್ನು ಹಾಕಿಸಬೇಕೆಂಬ ಆಸೆಯು ಕೋವಿಯಷ್ಟೇ ಹಳೆಯದು. ತಾತನ ಕೋವಿಯು ಲೈಸನ್ಸಿನೊಡನೆ ಮೊಮ್ಮಗನಿಗೆ ಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಇಂದಿಗೂ ಉಂಟು. ಅಂತಹ ಮನೆಗಳಲ್ಲಿ ಈ ಪ್ರಶ್ನೆಯು ಏಳುತ್ತಲೇ ಇರುವುದು. ಹೀಗೆ ಮಾಡುವುದರಿಂದ ಏನು ಲಾಭ, ಏನು ನಷ್ಟ, ಮಾಡಬೇಕೇ ಬೇಡವೇ ಎಂಬುದನ್ನು ಇಂದು ಸ್ವಲ್ಪ ವಿಚಾರಿಸೋಣ.

ಮೊದಲು ನಳಿಗೆಯ ಮಾತು. ನಳಿಗೆಯು ಉದ್ದವಾಗಿದ್ದರೆ ಗುಂಡು ದೂರ ಹೋಗುವುದೆಂದು ಸಾಮಾನ್ಯವಾಗಿ ಎಲ್ಲರೂ ಹೇಳುವರು. ಮಾತು ಸುಳ್ಳಲ್ಲ, ಆದರೆ ಪೂರ್ಣವಾಗಿ ಸತ್ಯವೂ ಅಲ್ಲ. ತೋಟಾದೊಳಗಿನ ಮದ್ದು ಉರಿದು ಅನಿಲವಾಗಿ ಹಿಗ್ಗುವುದು. ಆ ಅನಿಲವು ಗುಂಡನ್ನು ನಳಿಗೆಯ ತುದಿಯವರೆಗೂ ತಳ್ಳುತ್ತ ಬರುವುದು. ಗುಂಡು ಹೊರಬಿದ್ದ ಕ್ಷಣದಲ್ಲಿ ಈ ತಳ್ಳುವಿಕೆಯು ಮುಗಿಯಿತು. ಹಿಂದಿನ ಕಾಲದ ಕರಿಮದ್ದು ನಿಧಾನವಾಗಿ ಉರಿಯುವುದು. ಅದರ ಒತ್ತಡವೂ ಕಡಮೆ. ಆದುದರಿಂದ ಗುಂಡಿಗೆ ಬೇಕಾದ ವೇಗವನ್ನು ಕೊಡಲು ಉದ್ದವಾದ ಹಾದಿಯೇ ಬೇಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದಿತು. ಇದರ ಒತ್ತಡವು ಹೆಚ್ಚು. ಗುಂಡಿಗೆ ದೊರೆಯುವ ವೇಗದ ಬಹುಭಾಗವು ನಳಿಗೆಯ ಮೊದಲ ಭಾಗದಲ್ಲಿಯೇ ದೊರೆತುಬಿಡುವುದು. ಉಳಿದ ಅಂಗುಲಗಳು ಕೂಡಿಸುವುದು ಸ್ವಲ್ಪ.

ಈ ಬದಲಾವಣೆಯನ್ನು ಬ್ರಿಟಿಷ್ ಸೈನ್ಯದ ಕೋವಿಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ೧೮೫೩ರ ಎನ್‌ಫೀಲ್ಡ್ ಬಂದೂಕಿನ ನಳಿಗೆಯು ೩೯ ಅಂಗುಲ. ೧೮೭೧ರಲ್ಲಿ ಬಂದ ಮಾರ್ಟಿನಿ ಹೆನ್ರಿಯದು ೩೩ ಅಂಗುಲಕ್ಕೆ ಸ್ವಲ್ಪ ಮೇಲೆ. ಹೊಗೆಯಿಲ್ಲದ ಮದ್ದಿನ ಕಾಲದ ಉದ್ದ ಲೀ ಎನ್‌ಫೀಲ್ಡಿನದು ೩೦ ಅಂಗುಲ. ಬೋಯರ್ ಯುದ್ಧವು ಮುಗಿದಮೇಲೆ, ಕಾಲಾಳಿಗೂ ಕುದುರೆಯ ಸವಾರನಿಗೂ ಒಂದೇ ಕೋವಿಯು ಸಾಕೆಂದು ಗಿಡ್ಡ ಲೀ ಎನ್‌ಫೀಲ್ಡನ್ನು ಮಾಡಿದರು. ಅದರ ನಳಿಗೆಯು ೨೫ ಅಂಗುಲಕ್ಕೆ ಇಳಿಯಿತು. ಇಷ್ಟು ಗಿಡ್ಡವಾದ ಕೋವಿಯಿಂದ ಗುರಿಯು ಕೆಡುವುದೆಂದು ಗುರಿಕಾರರು ಆಗ ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಅದೇ ಕೋವಿಯು ಎರಡು ಮಹಾಯುದ್ಧಗಳನ್ನು ನಡೆಸಿತು. ೧೯೪೪ರಲ್ಲಿ ಕಾಡಿನ ಯುದ್ಧಕ್ಕೆಂದು ಇನ್ನೂ ಗಿಡ್ಡವಾದುದೊಂದನ್ನು ಹೊರಡಿಸಿದರು; ಅದರ ನಳಿಗೆಯು ೧೮ ಮುಕ್ಕಾಲು ಅಂಗುಲ. ನೂರು ವರ್ಷಗಳೊಳಗೆ ನಳಿಗೆಯ ಉದ್ದವು ಅರ್ಧಕ್ಕಿಂತಲೂ ಕಡಮೆಯಾಯಿತು.

ಈ ಕೊನೆಯ ಕೋವಿಯ ಅನುಭವವು ನಮಗೆ ಬಹಳ ಉಪಯುಕ್ತವಾದುದು. ಅದು ಹಗುರ, ಹಿಡಿಯಲು ಸುಖ, ಪೊದೆಯಲ್ಲಿ ತೊಡಕಿಲ್ಲ. ಆದರೆ ಹಾರಿಸಿದಾಗ ಬೆಂಕಿಯ ಜ್ವಾಲೆಯು ನಳಿಗೆಯ ಬಾಯಿಂದ ದೊಡ್ಡದಾಗಿ ಚಿಮ್ಮುತ್ತಿದ್ದಿತು. ಅದನ್ನು ಮರೆಮಾಡಲು ತುದಿಗೆ ಆಲಿಕೆಯಂತಹ ಒಂದು ಮುಚ್ಚಳವನ್ನು ಸೇರಿಸಬೇಕಾಯಿತು. ಹಗುರವಾದುದರಿಂದ ಹಿಂದೊದೆತವು ಹೆಗಲಿಗೆ ಜೋರಾಗಿ ಬಡಿಯುತ್ತಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ದಿನ ಸರಿಯಾಗಿ ಕೂಡಿಸಿದ ಗುರಿಯು ಮರುದಿನ ಬೇರೆ ಕಡೆಗೆ ಸರಿಯುವುದೆಂಬ ದೂರು ಬಂದಿತು. ೧೯೪೭ರ ವೇಳೆಗೆ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಸರ್ಕಾರದ ದೊಡ್ಡ ಕಾರ್ಖಾನೆಯು ತಜ್ಞರನ್ನಿಟ್ಟುಕೊಂಡು ಮಾಡಿದ ಕೆಲಸದಲ್ಲಿಯೇ ಇಷ್ಟು ತೊಡಕು ಹುಟ್ಟಿದಾಗ, ಮನೆಯ ಹಿತ್ತಲಿನಲ್ಲಿ ಗರಗಸವನ್ನು ಹಿಡಿದು ಕುಳಿತವನ ಗತಿಯೇನೆಂಬುದನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ನಳಿಗೆಯನ್ನು ಗಿಡ್ಡಮಾಡಿದಾಗ ನಿಜವಾಗಿ ನಷ್ಟವಾಗುವುದು ಏನು? ವೇಗದ ನಷ್ಟವು ಜನರು ಭಾವಿಸುವಷ್ಟು ಇಲ್ಲ. ಸಾಧಾರಣ ರೈಫಲ್‌ಗಳಲ್ಲಿ ಒಂದಂಗುಲ ಕಡಮೆಮಾಡಿದರೆ ಗುಂಡಿನ ವೇಗವು ಸೆಕೆಂಡಿಗೆ ಸುಮಾರು ೨೦ ರಿಂದ ೫೦ ಅಡಿಗಳಷ್ಟು ಇಳಿಯಬಹುದು. ಎರಡು ಸಾವಿರ ಅಡಿಗಳಿಗೂ ಮೇಲ್ಪಟ್ಟ ವೇಗದಲ್ಲಿ, ನೂರು ಗಜದೊಳಗಿನ ಕಾಡಿನ ಗುರಿಗೆ, ಇದು ದೊಡ್ಡ ಕೊರತೆಯಲ್ಲ. ನಳಿಗೆಯು ಗಿಡ್ಡವಾದರೆ ಗುರಿಯು ತಾನಾಗಿಯೇ ಕೆಡುವುದೆಂಬ ನಂಬಿಕೆಯೂ ಸರಿಯಲ್ಲ. ಗಿಡ್ಡವಾದ ನಳಿಗೆಯು ಹೆಚ್ಚು ಬಿಗಿಯಾಗಿರುವುದರಿಂದ ಗುಂಡು ಹಾರುವಾಗ ಅದರ ಕಂಪನವು ಕಡಮೆಯೇ ಆಗುವುದು.

ನಷ್ಟವು ಬೇರೆ ಕಡೆಗಳಲ್ಲಿದೆ. ಮೊದಲನೆಯದು ಶಬ್ದ. ಅನಿಲದ ಒತ್ತಡವು ಇನ್ನೂ ಹೆಚ್ಚಾಗಿರುವಾಗಲೇ ಗುಂಡು ಹೊರಬೀಳುವುದರಿಂದ ಸದ್ದು ಕಿವಿಯನ್ನು ಒಡೆಯುವಂತಿರುವುದು. ಅದಕ್ಕೆ ಹೆದರಿದ ಕೈಯು ಕುದುರೆಯನ್ನೆಳೆಯುವ ಮೊದಲೇ ಅದುರುವುದು. ಎರಡನೆಯದು ತೂಕದ ಸಮತೋಲ. ಕೋವಿಯ ಮುಂಭಾಗದ ಭಾರವು ಕೈಯ ನಡುಕವನ್ನು ಅಡಗಿಸುವ ಒಂದು ಕಲ್ಲಿನಂತೆ ಕೆಲಸಮಾಡುವುದು. ಅದನ್ನು ತೆಗೆದುಬಿಟ್ಟರೆ ಕೋವಿಯು ಬೇಗ ತಿರುಗುವುದು ನಿಜ. ಆದರೆ ನಿಂತು ಹಾರಿಸುವಾಗ ಅಷ್ಟೇ ಬೇಗ ತೂಗಾಡುವುದು. ಮೂರನೆಯದು ನಳಿಗೆಯ ಬಾಯಿ. ಗುಂಡನ್ನು ಕಟ್ಟಕಡೆಗೆ ಮುಟ್ಟುವ ಭಾಗವಿದು. ಸುತ್ತಲೂ ಸಮವಾಗಿ, ನಳಿಗೆಯ ನಡುಗೆರೆಗೆ ಸರಿಯಾಗಿ ಲಂಬವಾಗಿ ಇದನ್ನು ಕಡೆದಿರಬೇಕು. ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಮುಳ್ಳು ಉಳಿದರೂ ಅನಿಲವು ಅತ್ತ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ಓರೆಗೆ ತಳ್ಳುವುದು. ಲೇತಿನ ಕೆಲಸವನ್ನು ಬಲ್ಲ ಗಣಿಯ ಊರಿನ ಕಮ್ಮಟಗಾರರಿಗೆ ಈ ಸೂಕ್ಷ್ಮವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಕೋವಿಗಳನ್ನಂತೂ ಕತ್ತರಿಸಲೇಬಾರದು. ಜೋಡುನಳಿಗೆಯ ರೈಫಲನ್ನು ತೆಗೆದುಕೊಳ್ಳಿ. ಎರಡು ನಳಿಗೆಗಳು ಒಂದಕ್ಕೊಂದು ಸಮಾನಾಂತರವಾಗಿರುವುವೆಂದು ನೋಡಿದವರಿಗೆ ತೋರುವುದು. ವಾಸ್ತವದಲ್ಲಿ ಅವು ಮುಂದಕ್ಕೆ ಹೋದಂತೆ ಕೊಂಚ ಹತ್ತಿರವಾಗುವುವು. ಬಲದ ನಳಿಗೆಯು ಹಾರಿದಾಗ ಕೋವಿಯು ಬಲಕ್ಕೂ, ಎಡದ್ದು ಹಾರಿದಾಗ ಎಡಕ್ಕೂ ಹೊರಳುವುದು. ಈ ಹೊರಳುವಿಕೆಯನ್ನು ಲೆಕ್ಕಕ್ಕೆ ಹಿಡಿದು, ಎರಡರ ಗುಂಡುಗಳೂ ಒಂದೇ ಸ್ಥಳದಲ್ಲಿ ಬೀಳುವಂತೆ ಕಸಬುದಾರನು ತುದಿಯಲ್ಲಿ ಸಣ್ಣ ಬೆಣೆಯನ್ನು ಸರಿಸಿ ಸರಿಸಿ, ಹಾರಿಸಿ ಹಾರಿಸಿ ನೋಡಿ, ಕೊನೆಗೆ ಬೆಸುಗೆ ಹಾಕಿರುವನು. ಆ ತುದಿಯನ್ನೇ ಕತ್ತರಿಸಿ ಎಸೆದರೆ ಅವನ ದಿನಗಟ್ಟಲೆಯ ಶ್ರಮವು ಆ ತುಂಡಿನೊಡನೆಯೇ ಹೋಯಿತು. ಹಕ್ಕಿಯ ಬೇಟೆಯ ಛರ್ರೆಕೋವಿಯಲ್ಲಿಯೂ ಹೀಗೆಯೇ. ಛರ್ರೆಗಳು ಬಹಳ ಚೆದುರದಂತೆ ಒತ್ತಿ ಹಿಡಿಯುವ ಕಿರಿದಾದ ಕೊರಳು ಇರುವುದು ನಳಿಗೆಯ ಕೊನೆಯ ಒಂದೆರಡು ಅಂಗುಲದಲ್ಲಿ. ಅದನ್ನು ತೆಗೆದಮೇಲೆ ನಲವತ್ತು ಗಜದ ಹಕ್ಕಿಯ ಮೇಲೆ ಛರ್ರೆಯು ಬಿತ್ತಿದ ರಾಗಿಯಂತೆ ಹರಡಿಹೋಗುವುದು.

ಇನ್ನು ಗುರಿಸಾಧನದ ಮಾತು. ನಳಿಗೆಯ ತುದಿಯಲ್ಲಿ ಒಂದು ಮಣಿ, ಹಿಂದುಗಡೆ ಒಂದು ಕಂಡಿ. ಕಂಡಿಯಲ್ಲಿ ಮಣಿಯನ್ನೂ, ಮಣಿಯ ಮೇಲೆ ಮೃಗವನ್ನೂ ಕೂಡಿಸುವುದೇ ಗುರಿ. ಇವೆರಡರ ನಡುವಣ ಅಂತರವು ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಮೆಯಾಗುವುದು. ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. ಕಂಡಿಗೂ ಮಣಿಗೂ ೨೦ ಅಂಗುಲ ಅಂತರವಿರಲಿ. ಮಣಿಯು ಅಂಗುಲದ ನೂರನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿದರೆ, ನೂರು ಗಜದಲ್ಲಿ, ಎಂದರೆ ೩೬೦೦ ಅಂಗುಲದಲ್ಲಿ, ಗುಂಡು ೧.೮ ಅಂಗುಲ ಪಕ್ಕಕ್ಕೆ ಬೀಳುವುದು. ನಳಿಗೆಯನ್ನು ಕತ್ತರಿಸಿ ಅಂತರವನ್ನು ೧೫ ಅಂಗುಲಕ್ಕೆ ಇಳಿಸಿದರೆ ಅದೇ ತಪ್ಪು ೨.೪ ಅಂಗುಲವಾಗುವುದು. ಗಿಡ್ಡ ನಳಿಗೆಯು ಗುರಿಯನ್ನು ಕೆಡಿಸುವುದೆಂದು ಜನರು ಹೇಳುವುದರ ನಿಜವಾದ ಕಾರಣವು ಇದೇ. ಕೆಟ್ಟುದು ನಳಿಗೆಯಲ್ಲ, ಕಣ್ಣಿಗೆ ದೊರೆತಿದ್ದ ಅಳತೆಗೋಲು ಮೊಟುಕಾಯಿತು. ಆದುದರಿಂದಲೇ ನಳಿಗೆಯ ಪ್ರಶ್ನೆ, ಗುರಿಸಾಧನದ ಪ್ರಶ್ನೆ ಎಂದು ಎರಡು ಬೇರೆ ಪ್ರಶ್ನೆಗಳಿಲ್ಲ. ಒಂದನ್ನು ಮುಟ್ಟಿದವನು ಇನ್ನೊಂದನ್ನೂ ಮುಟ್ಟಿದಂತೆಯೇ.

ಗುರಿಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಳೆಯ ಇಂಗ್ಲಿಷ್ ಬೇಟೆಯ ರೈಫಲ್‌ಗಳಲ್ಲಿ ಅಗಲವಾದ ಕಂಡಿಯುಳ್ಳ ಪುಟ್ಟ ಎಲೆಗಳನ್ನು ಹಾಕುತ್ತಿದ್ದರು. ಒಂದು ನೂರು ಗಜಕ್ಕೆ ಸದಾ ನಿಂತಿರುವುದು, ಉಳಿದವು ಇನ್ನೂರು, ಮುನ್ನೂರು ಗಜಗಳಿಗೆ ಬೇಕಾದಾಗ ಎತ್ತುವುವು. ತುದಿಯ ಮಣಿಯನ್ನು ದಂತದಿಂದಲೋ ಚಿನ್ನದಿಂದಲೋ ಮಾಡುವುದುಂಟು. ಇದು ಬರಿಯ ಬೆಡಗಿಗಾಗಿ ಅಲ್ಲ; ಸಂಜೆಯ ಮಬ್ಬಿನಲ್ಲಿ ಕಪ್ಪುಕಬ್ಬಿಣದ ಮಣಿಯು ಕಾಣದೆಹೋಗುವುದು, ಬೆಳ್ಳನೆಯ ದಂತವು ಕಾಣುವುದು. ಎರಡನೆಯದು, ಕಣ್ಣಿಗೆ ಸಮೀಪವಾಗಿ ಇರಿಸುವ ಸಣ್ಣ ತೂತಿನ ಬಿಲ್ಲೆ. ಅಮೆರಿಕದ ಲೈಮನ್ ಎಂಬವನು ೧೮೭೯ರಲ್ಲಿ ಇದರ ಒಂದು ಸುಧಾರಿತ ಮಾದರಿಗೆ ಹಕ್ಕನ್ನು ಪಡೆದನು. ತೂತಿನ ಮೂಲಕ ನೋಡುವ ಕಣ್ಣು ತಾನಾಗಿಯೇ ಮಣಿಯನ್ನು ನಡುವೆ ಕೂಡಿಸಿಕೊಳ್ಳುವುದು. ತೂತನ್ನು ಬೇರೆಯಾಗಿ ದಿಟ್ಟಿಸಬೇಕಾಗಿಲ್ಲ. ಅದಲ್ಲದೆ ಬಿಲ್ಲೆಯು ತೀರ ಹಿಂದಕ್ಕೆ ಇರುವುದರಿಂದ, ಗಿಡ್ಡ ನಳಿಗೆಯಲ್ಲಿ ಕಳೆದುಹೋದ ಅಂತರವು ಹಿಂದುಗಡೆಯಿಂದ ಮರಳಿ ದೊರೆಯುವುದು. ಮೂರನೆಯದು ದೂರದರ್ಶಕ ಕೊಳವೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿ, ಆಸ್ಟ್ರಿಯಾ ದೇಶಗಳ ಬೇಟೆಗಾರರು ಇದನ್ನು ಹೆಚ್ಚಾಗಿ ಬಳಸತೊಡಗಿದರು. ಗುರಿಯೂ ಗೆರೆಯೂ ಒಂದೇ ತಳದಲ್ಲಿ ಕಾಣುವುದರಿಂದ ನಲವತ್ತು ವರ್ಷ ದಾಟಿದ ಕಣ್ಣಿಗೆ ಇದು ದೊಡ್ಡ ಉಪಕಾರ. ಆದರೆ ಹಳೆಯ ಕೊಳವೆಗಳೊಳಗೆ ನಮ್ಮ ಮಳೆಗಾಲದ ತೇವವು ಸೇರಿ ಗಾಜು ಮಂಜುಕಟ್ಟುವುದು ಸಾಮಾನ್ಯವಾಗಿದ್ದಿತು.

ಗುರಿಯನ್ನು ತಿದ್ದುವ ಸೂತ್ರವು ಬಹಳ ಸುಲಭ. ಗುಂಡು ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಹಿಂದಿನ ಕಂಡಿಯನ್ನು ಸರಿಸಬೇಕು. ಮುಂದಿನ ಮಣಿಯನ್ನಾದರೆ ಅದಕ್ಕೆ ವಿರುದ್ಧವಾಗಿ. ಗುಂಡು ತಗ್ಗಿನಲ್ಲಿ ಬೀಳುತ್ತಿದ್ದರೆ ಕಂಡಿಯನ್ನು ಎತ್ತರಿಸಬೇಕು, ಇಲ್ಲವೇ ಮಣಿಯನ್ನು ಅರದಿಂದ ತಗ್ಗಿಸಬೇಕು. ಅರದ ಕೆಲಸದಲ್ಲಿ ಒಂದು ತೊಡಕುಂಟು: ತೆಗೆದುದನ್ನು ಮರಳಿ ಸೇರಿಸುವಂತಿಲ್ಲ. ಆದುದರಿಂದ ಬಲ್ಲವರು ಎತ್ತರವಾದ ಮಣಿಯಿಂದ ಪ್ರಾರಂಭಿಸಿ, ಹಾರಿಸಿ ನೋಡುತ್ತ, ಎಳ್ಳೆಳ್ಳಾಗಿ ತಗ್ಗಿಸುವರು.

ನಮ್ಮ ದೇಶದಲ್ಲಿ ಕೋವಿಯ ಮಾರ್ಪಾಡಿಗೆ ಕಾಡಿನ ಜೊತೆಗೆ ಕಾನೂನೂ ಕಾರಣವಾಯಿತೆಂಬುದು ಒಂದು ಸ್ವಾರಸ್ಯ. ಸೈನ್ಯದ ತೋಟಾಗಳು ದಂಗೆಕೋರರ ಕೈಗೆ ಸೇರಬಾರದೆಂದು ಬ್ರಿಟಿಷ್ ಸರ್ಕಾರವು ಸೈನ್ಯದ ಬೋರುಗಳನ್ನು ಖಾಸಗಿ ಜನರಿಗೆ ಕೊಡದಂತೆ ಕಟ್ಟುಮಾಡುತ್ತಿದ್ದಿತು. ೧೯೦೭ರ ಸುಮಾರಿಗೆ .೪೫೦ ಬೋರಿಗೆ ನಿಷೇಧವು ಬಂದಿತು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಕಸಬುದಾರರು ಕೂಡಲೆ.೪೭೦, .೪೬೫ ಮುಂತಾದ ಹೊಸ ಬೋರುಗಳನ್ನು ಹುಟ್ಟಿಸಿದರು. ಸೈನ್ಯದ .೩೦೩ಕ್ಕೆ ಬದಲಾಗಿ ಬಿ.ಎಸ್.ಎ. ಕಂಪನಿಯವರು ಅದೇ ಲೀ ಎನ್‌ಫೀಲ್ಡಿನ ಯಂತ್ರಭಾಗಕ್ಕೆ .೩೧೫ ಬೋರಿನ ನಳಿಗೆಯನ್ನು ಕೂಡಿಸಿ, ಬೇಟೆಗೆ ತಕ್ಕ ಮರದ ಹಿಡಿಯನ್ನು ಹಾಕಿ ಹಿಂದುಸ್ಥಾನಕ್ಕೆ ಕಳುಹಿಸಿದರು. ಸ್ವಾತಂತ್ರ್ಯಾನಂತರ ಬಂಗಾಳದ ಈಶಾಪುರದ ಕಾರ್ಖಾನೆಯು ಇದೇ ಬೋರಿನ ರೈಫಲನ್ನು ನಮ್ಮಲ್ಲಿಯೇ ತಯಾರುಮಾಡಿತು. ಹೀಗೆ ಸೈನ್ಯದ ಕೋವಿಯು ಬೇಟೆಯ ಕೋವಿಯ ವೇಷವನ್ನು ತೊಟ್ಟಿತು.

ಕೋಲಾರದ ಚಿನ್ನದ ಗಣಿಗಳಲ್ಲಿ ಈ ಎರಡು ಬಗೆಯ ಕೋವಿಗಳೂ ಪರಿಚಿತವಾಗಿದ್ದುವು. ಗಣಿಯ ನೌಕರರಿಂದ ಕೂಡಿದ ಸ್ವಯಂಸೈನಿಕ ದಳವೊಂದು ಅಲ್ಲಿದ್ದಿತು. ೧೯೨೦ರ ಬಳಿಕ ಅದು ಹಿಂದುಸ್ಥಾನದ ಸಹಾಯಕ ಸೇನೆಯ ಒಂದು ಪಟಾಲಮ್ಮಾಗಿ, ಆ ಸೇನೆಯು ಸ್ವಾತಂತ್ರ್ಯದ ಕಾಲದಲ್ಲಿ ವಿಸರ್ಜಿತವಾಗುವವರೆಗೂ ನಡೆಯಿತು. ಕವಾಯತಿನ ಕೋವಿಯು ಸರ್ಕಾರದ್ದು, ಬೇಟೆಯ ಕೋವಿಯು ಸ್ವಂತದ್ದು. ಒಂದರಲ್ಲಿ ಕಲಿತ ಅಭ್ಯಾಸವನ್ನು ಇನ್ನೊಂದರಲ್ಲಿಯೂ ಕಾಣಬೇಕೆಂದು ಬಯಸುವುದು ಗುರಿಕಾರನಿಗೆ ಸಹಜವಾದುದು.

ಬೆಂಗಳೂರಿನ ಪ್ರಸಿದ್ಧ ಬೇಟೆಗಾರನೂ ಲೇಖಕನೂ ಆಗಿದ್ದ ಕೆನೆತ್ ಆಂಡರ್ಸನ್ನನು ಮೈಸೂರು, ಸೇಲಂ, ಚಿತ್ತೂರು ಸೀಮೆಗಳ ಕಾಡುಗಳಲ್ಲಿ ತಿರುಗಿದುದು .೪೦೫ ಬೋರಿನ ವಿಂಚೆಸ್ಟರ್ ರೈಫಲಿನೊಡನೆ. ರಾತ್ರಿಯ ಕಾವಲಿಗೆ ಅವನು ನಳಿಗೆಗೆ ವಿದ್ಯುದ್ದೀಪವನ್ನು ಕಟ್ಟಿಕೊಳ್ಳುತ್ತಿದ್ದನು. ಉತ್ತರದಲ್ಲಿ ಜಿಮ್ ಕಾರ್ಬೆಟ್ಟನು ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ೧೯೨೬ರ ಮೇ ತಿಂಗಳಲ್ಲಿ ಹೊಡೆದುದೂ ಹಾಗೆಯೇ, ಮಾವಿನ ಮರದ ಮೇಲೆ ಕುಳಿತು, ಕೋವಿಗೆ ಕಟ್ಟಿದ ದೀಪದ ಕ್ಷಣಕಾಲದ ಬೆಳಕಿನಲ್ಲಿ. ಈ ಇಬ್ಬರೂ ತಮ್ಮ ಕೋವಿಗೆ ಸೇರಿಸಿದುದು, ಬೇಡವಾದಾಗ ಬಿಚ್ಚಿಡಬಹುದಾದ ವಸ್ತುವನ್ನು. ಈ ಅಂಶವು ಗಮನಾರ್ಹವಾದುದು.

ಇಷ್ಟೆಲ್ಲ ಅಂಗುಲದ ಲೆಕ್ಕವು ಏತಕ್ಕೆಂದು ಕೆಲವರು ಕೇಳಬಹುದು. ಬೇಟೆಯಲ್ಲಿ ಒಂದಂಗುಲವು ಹೆಚ್ಚು ಕಡಮೆಯಾದರೆ ಆಗುವುದೇನು? ಆಗುವುದಿದು. ಗುಂಡು ಮರ್ಮಸ್ಥಾನವನ್ನು ತಪ್ಪಿ ದವಡೆಗೋ ಕಾಲಿಗೋ ತಗಲುವುದು. ಮೃಗವು ಸಾಯದೆ, ಬದುಕಲಾರದೆ, ಪೊದೆಯನ್ನು ಹೊಕ್ಕುವುದು. ಬೇಟೆಗಾರನು ಪಟ್ಟಣಕ್ಕೆ ಮರಳುವನು. ಆ ಗಾಯದ ಸಾಲವನ್ನು ತೀರಿಸಬೇಕಾದವರು ದನಕಾಯುವ ಹುಡುಗರು, ಸೌದೆಗೆ ಹೋದ ಹೆಂಗಸರು. ೧೯೦೭ರಲ್ಲಿ ಕಾರ್ಬೆಟ್ಟನು ಕೊಂದ ಚಂಪಾವತದ ಹೆಣ್ಣುಹುಲಿಯು ೪೩೬ ಜನರನ್ನು ತಿಂದಿದ್ದಿತೆಂದು ಎಣಿಸಿದ್ದರು. ಅದರ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ತಗಲಿದ ಗುಂಡಿನೇಟಿನಿಂದ ಮುರಿದಿದ್ದುವು. ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನ ಕಡೆಗೆ ತಿರುಗಿತೆಂದು ಅವನ ಅಭಿಪ್ರಾಯ. ಆ ಗುಂಡನ್ನು ಹಾರಿಸಿದವನು ಯಾರೋ, ಅವನ ಕೋವಿಯು ಎಂತಹುದೋ ಯಾರಿಗೂ ತಿಳಿಯದು. ಗುರಿಯು ಕೆಲವಂಗುಲಗಳಷ್ಟು ತಪ್ಪಿದ್ದಿತೆಂಬುದು ಮಾತ್ರ ನಿಶ್ಚಯ.

ಗಣಿಯ ಊರಿನವರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತುವುದು. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಚಾಂಪಿಯನ್ ರೀಫ್ ಗಣಿಯಲ್ಲಾಗಲಿ, ೨೦೦೧ರಲ್ಲಿ ಉಳಿದ ಗಣಿಗಳೊಡನೆ ಮುಚ್ಚುವವರೆಗೆ ನಂದಿದುರ್ಗದ ಗಣಿಯಲ್ಲಾಗಲಿ, ಜನರನ್ನು ಇಳಿಸುವ ಪಂಜರದ ಹಗ್ಗವನ್ನು ಪರೀಕ್ಷೆಮಾಡದೆ ಯಾರೂ ನಂಬುತ್ತಿರಲಿಲ್ಲ. ಕೋವಿಗೂ ಅದೇ ನಿಯಮ. ಇಂಗ್ಲೆಂಡಿನಲ್ಲಿ ಕೋವಿಯ ನಳಿಗೆಯನ್ನು ಸಾಧಾರಣಕ್ಕಿಂತ ಹೆಚ್ಚಿನ ಒತ್ತಡದಿಂದ ಪರೀಕ್ಷಿಸಿ ಮುದ್ರೆಹಾಕುವ ಸಂಸ್ಥೆಗಳುಂಟು. ಬರ್ಮಿಂಗ್‌ಹ್ಯಾಮಿನದು ೧೮೧೩ರಲ್ಲಿ ಸ್ಥಾಪಿತವಾದುದು. ಕಬ್ಬಿಣದ ಪಟ್ಟಿಗಳನ್ನು ಹುರಿಹೊಸೆದು ಮಾಡಿದ ಅಂದವಾದ ಹಳೆಯ ನಳಿಗೆಗಳು ಬಹುಮಟ್ಟಿಗೆ ಕರಿಮದ್ದಿಗಾಗಿಯೇ ಮಾಡಿದವು. ಹೊಸ ಮದ್ದಿಗೆ ಪರೀಕ್ಷಿತವಾದ ಮುದ್ರೆಯಿಲ್ಲದಿದ್ದರೆ ಅವುಗಳಲ್ಲಿ ಹೊಸ ತೋಟಾವನ್ನು ಹಾರಿಸುವುದು ಕೈಬೆರಳುಗಳನ್ನು ಪಣಕ್ಕೆ ಒಡ್ಡಿದಂತೆ.

ಇನ್ನು ಇಂದಿನ ಸ್ಥಿತಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿಯೂ ವಿನೋದದ ಬೇಟೆಗೆ ನಮ್ಮ ದೇಶದಲ್ಲಿ ಮುಕ್ತಾಯವನ್ನು ಹಾಡಿದುವು. ಇದು ಸರಿಯಾದುದೇ. ೧೯೫೯ರ ಆಯುಧ ಕಾಯಿದೆಯ ಆರನೆಯ ವಿಧಿಯು, ಅದಕ್ಕೆಂದೇ ಪಡೆದ ಲೈಸನ್ಸಿಲ್ಲದೆ ಕೋವಿಯ ನಳಿಗೆಯನ್ನು ಗಿಡ್ಡಮಾಡಕೂಡದೆಂದು ಸ್ಪಷ್ಟವಾಗಿ ಹೇಳುವುದು. ಕೋವಿಯನ್ನು ಇಟ್ಟುಕೊಳ್ಳುವ ಲೈಸನ್ಸು ಬೇರೆ, ಅದನ್ನು ಕತ್ತರಿಸುವ ಲೈಸನ್ಸು ಬೇರೆ. ಮೊದಲನೆಯದಿದ್ದರೆ ಎರಡನೆಯದೂ ಇದ್ದಂತೆಂದು ಭಾವಿಸುವುದು ಸೆರೆಮನೆಯ ಹಾದಿ. ಕಾನೂನು ಹೀಗೆ ಬಿಗಿಯಾಗಿರುವುದಕ್ಕೆ ಕಾರಣವೂ ಇದೆ: ಉದ್ದವಾದ ಕೋವಿಯು ತನ್ನನ್ನು ತಾನೇ ಸಾರಿಕೊಳ್ಳುವುದು, ಮೊಟುಕಾದುದು ಕಂಬಳಿಯ ಮರೆಯಲ್ಲಿ ಅಡಗುವುದು.

ಹಾಗಾದರೆ ತಾತನ ಕೋವಿಯನ್ನು ಏನು ಮಾಡಬೇಕು? ಎರಡನೆಯ ಮಹಾಯುದ್ಧವು ಮುಗಿದಮೇಲೆ ಇಂಗ್ಲೆಂಡ್, ಕೆನಡ, ಅಮೆರಿಕ, ಆಸ್ಟ್ರೇಲಿಯ ದೇಶಗಳಲ್ಲಿ ಸೈನ್ಯದ ಹಳೆಯ ರೈಫಲ್‌ಗಳು ಅಗ್ಗವಾಗಿ ಮಾರಾಟಕ್ಕೆ ಬಂದುವು. ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಹೇಲ್ ಮುಂತಾದ ಕಂಪನಿಗಳೂ, ಮನೆಮನೆಯ ಹವ್ಯಾಸಿಗಳೂ ಅವುಗಳ ಮರವನ್ನು ಕೆತ್ತಿ, ನಳಿಗೆಯನ್ನು ಕತ್ತರಿಸಿ, ಬೇಟೆಗೆ ಹೊಂದಿಸಿಕೊಂಡರು. ಆಗ ಅದು ಮಿತವ್ಯಯದ ಬುದ್ಧಿವಂತಿಕೆಯೆಂದು ತೋರಿತು. ಇಂದು ಸಂಗ್ರಹಕಾರರು ಹುಡುಕುವುದು ಯಾರೂ ಮುಟ್ಟದ ಕೋವಿಗಳನ್ನು. ಕತ್ತರಿಸಿದವುಗಳಿಗೆ ಬೆಲೆಯು ಕಡಮೆ. ನಮ್ಮ ಕೊಡಗಿನವರು ಇದರಲ್ಲಿ ಹೆಚ್ಚು ವಿವೇಕಿಗಳೆನ್ನಬಹುದು. ಕೈಲ್ ಮುಹೂರ್ತದ ಹಬ್ಬದಂದು ಮನೆತನದ ಕೋವಿಯನ್ನು ತೊಳೆದು, ತೋಕ್ ಪೂವೆಂಬ ಹೂವನ್ನು ಅದರ ನಳಿಗೆಗೆ ಮುಡಿಸಿ ಪೂಜಿಸುವರು. ಆ ಕೋವಿಯು ಯಾರೊಬ್ಬನ ಸ್ವತ್ತೂ ಅಲ್ಲ, ವಂಶದ ಸ್ವತ್ತು ಎಂಬ ಭಾವನೆಯು ಆ ಹೂವಿನಲ್ಲಿದೆ.

ನಮ್ಮ ಸಲಹೆಯು ಚಿಕ್ಕದು. ಲೈಸನ್ಸು ಸರಿಯಾಗಿರುವ ಕೋವಿಯನ್ನು ಗುರಿಯ ಬಯಲಿನಲ್ಲಿ ಹಾರಿಸುವ ಆಸೆಯಿದ್ದರೆ, ಮೊದಲು ಅಧಿಕೃತ ಕಸಬುದಾರನಿಂದ ಅದರ ಯಂತ್ರವನ್ನೂ ಮುದ್ರೆಗಳನ್ನೂ ನೋಡಿಸಬೇಕು. ಕಣ್ಣು ಮಂದವಾಗಿದ್ದರೆ ಗುರಿಸಾಧನವನ್ನು ಬದಲಾಯಿಸಿಕೊಳ್ಳಬಹುದು. ಆದರೆ ಬಿಚ್ಚಿ ತೆಗೆಯಬಹುದಾದುದನ್ನೇ ಆರಿಸಿಕೊಂಡು, ಹಳೆಯ ಕಂಡಿಯನ್ನೂ ಮಣಿಯನ್ನೂ ಪೊಟ್ಟಣಕಟ್ಟಿ ಕೋವಿಯೊಡನೆಯೇ ಇಡಬೇಕು. ಏನನ್ನು ಬದಲಾಯಿಸಿದರೂ ಐದಾರು ಗುಂಡುಗಳನ್ನಾದರೂ ನಿಧಾನವಾಗಿ ಹಾರಿಸಿ, ಅವೆಲ್ಲ ಒಂದೇ ಕಡೆ ಬೀಳುವುವೇ ಎಂದು ಕಂಡುಕೊಳ್ಳದೆ ಆ ಕೋವಿಯನ್ನು ನಂಬಬಾರದು. ನಳಿಗೆಯನ್ನಂತೂ ಅದರ ಪಾಡಿಗೆ ಬಿಡುವುದು ಲೇಸು. ಕೋವಿಯನ್ನು ಮಾಡಿದವನು ಮದ್ದು, ಗುಂಡು, ಉದ್ದ, ತೂಕ, ಕಣ್ಣು ಇವೈದರ ನಡುವೆ ಒಂದು ಒಪ್ಪಂದವನ್ನು ಮಾಡಿಟ್ಟಿರುವನು. ಅದರಲ್ಲಿ ಒಂದನ್ನು ಬದಲಾಯಿಸಬಯಸುವವನು ಉಳಿದ ನಾಲ್ಕರ ಅನುಮತಿಯನ್ನೂ ಪಡೆಯಬೇಕು.

ಬೂದಿಕೋಟೆ, ಕಾಮಸಮುದ್ರಗಳ ಕಾಡಿನಲ್ಲಿ ಇಂದಿಗೂ ಆನೆಗಳು ಸಂಚರಿಸುವುವು. ಅವುಗಳನ್ನು ನೋಡಲು ಹೋಗುವವರಿಗೆ ದೂರದರ್ಶಕವೊಂದು 

ಕೈಯಲ್ಲಿದ್ದರೆ ಸಾಕು. ಅದಕ್ಕೆ ನಳಿಗೆಯ ಉದ್ದದ ಚಿಂತೆಯಿಲ್ಲ, ಲೈಸನ್ಸಿನ ತೊಡಕಿಲ್ಲ. ಗುರಿಯು ಒಂದಂಗುಲ ತಪ್ಪಿದರೂ ಯಾರ ಮನೆಯಲ್ಲಿಯೂ ಗೋಳಿಲ್ಲ. ಇಷ್ಟನ್ನು ಅರಿಕೆಮಾಡಿ ನಾವು ವಿರಮಿಸುವೆವು.